ಇಪ್ಪತ್ತಾರು ದ್ರಾಕ್ಷಿ ಬುಡ

ನಾನು ಯುದ್ಧಕ್ಕೆ ಹೋಗಿದ್ದವನು ಅಂತ ಗೊತ್ತಾದರೆ ಜನ ಮೊದಲು ಕೇಳುವುದು, ಎಷ್ಟು ಜನರನ್ನು ಹೊಡೆದಿರಿ ಅಂತ. ಒಬ್ಬರನ್ನೂ ಇಲ್ಲ. ನಾನು ರಸ್ತೆ ಅಗೆದವನು, ಮೋರಿ ಕಟ್ಟಿದವನು, ಕಲ್ಲು ಹೊತ್ತವನು. ನನ್ನ ಕೈಯಿಂದ ಬಿದ್ದದ್ದು ಇಪ್ಪತ್ತಾರು ದ್ರಾಕ್ಷಿ ಬಳ್ಳಿ. ಅವೂ ಶತ್ರುವಿನವಲ್ಲ, ಗಂಡ ಸತ್ತ ಒಬ್ಬ ಮುದುಕಿಯವು. ಆದರೂ ನಾನು ಗೆದ್ದು ಬಂದೆ. ಹಾಗೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕೇಳಿ, ಆಮೇಲೆ ನೀವೇ ಹೇಳಿ.

ನಮ್ಮದು ಕಗ್ಗದಾಸಪುರ. ಈಗ ಅಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ನಲವತ್ತರ ದಶಕದಲ್ಲಿ ಅಲ್ಲಿ ಕೆರೆ, ಕೆರೆ ಕೆಳಗೆ ನಮ್ಮ ತೋಟ, ತೋಟದ ಬಾವಿ ಪಕ್ಕ ಕಲ್ಲುಕಂಬದ ದ್ರಾಕ್ಷಿ ಚಪ್ಪರ. ನಮ್ಮ ಕರಿ ದ್ರಾಕ್ಷಿ ಕುಕ್ಕೆಯಲ್ಲಿ ತುಂಬಿಕೊಂಡು ಬ್ಲಾಕ್‌ಪಳ್ಳಿಯ ಮಾರುಕಟ್ಟೆಗೆ ಹೋಗುತ್ತಿತ್ತು. ಈಗ ಶಿವಾಜಿನಗರ ಅನ್ನುತ್ತಾರಲ್ಲ, ಅದೇ. ಅಪ್ಪನ ಹೆಸರು ಮಾತ್ರ ಮಾರುಕಟ್ಟೆಗಿಂತ ದೂರ ಹೋಗಿತ್ತು. ದಂಡಿನ, ಅಂದರೆ ಕಂಟೋನ್ಮೆಂಟಿನ, ಬಂಗಲೆಗಳಲ್ಲಿ ದ್ರಾಕ್ಷಿ ಚಪ್ಪರ ಇದ್ದವರೆಲ್ಲ ಕತ್ತರಿ ಹಾಕಲು ಅಪ್ಪನನ್ನೇ ಕರೆಸುತ್ತಿದ್ದರು. ಹೆಗಲ ಮೇಲೆ ಟವೆಲ್ಲು, ಸೊಂಟದಲ್ಲಿ ಕತ್ತರಿ, ಕೈಯಲ್ಲಿ ಗರಗಸ ಹಿಡಿದು ಅವನು ಹಲಸೂರು ದಾಟಿ ನಡೆದುಹೋಗುತ್ತಿದ್ದ. ಹಿಂದೆ ಏಣಿ ಹೊತ್ತುಕೊಂಡು ನಾನು. ಬಂಗಲೆಗಳಲ್ಲಿ ತಿರುಗಿ ತಿರುಗಿ ನನಗೆ ಒಂದಿಷ್ಟು ಇಂಗ್ಲಿಷೂ ಬಂತು, ಒಂದಿಷ್ಟು ಜಂಬವೂ ಬಂತು.

ಅಪ್ಪ ಕಲಿಸಿದ್ದು ಒಂದೇ ಪಾಠ. ದಿನಾ ಅದನ್ನೇ ಹೇಳುತ್ತಿದ್ದ.

"ಕತ್ತರಿ ಹಾಕೋಕ್ ಮುಂಚೆ ಉಗುರಲ್ಲಿ ಕೆರೆದು ನೋಡು. ಒಳಗೆ ಹಸಿರು ಕಂಡ್ರೆ ಜೀವ ಇದೆ ಅಂತ. ನೋಡ್ದೆ ಕಡಿದೆ ಅಂದ್ರೆ ನಿನ್ ಕೈ ಕಡೀತೀನಿ."

ಅಷ್ಟು ಹೇಳಿ ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಒಂದೇ ಒಂದು ಸಲ ಕೆರೆಯುತ್ತಿದ್ದ. ಆ ಉಗುರು ದಪ್ಪಗೆ, ಹಳದಿಗೆ, ನಡುವೆ ಸೀಳಿಕೊಂಡಿತ್ತು. ಚಪ್ಪರದಲ್ಲಿ ಬಾವಿಗೆ ಅಂಟಿಕೊಂಡಿದ್ದ ಹಳೇ ಬಳ್ಳಿ ನಮ್ಮ ತಾತ ನೆಟ್ಟದ್ದು. ಅದಕ್ಕೆ ಕತ್ತರಿ ಹಾಕಲು ನನ್ನನ್ನು ಅವನು ಹತ್ತಿರಕ್ಕೇ ಬಿಡುತ್ತಿರಲಿಲ್ಲ. ಇಪ್ಪತ್ತು ವರ್ಷದವನಾದರೂ ನನ್ನ ಕೆಲಸ ಏಣಿ ಹಿಡಿಯುವುದೇ. ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿನಲ್ಲೇ ಒಂದು ದಿನ ಏಣಿಯನ್ನು ಬೇಲಿಗೆ ಒರಗಿಸಿ ಹಲಸೂರಿಗೆ ಹೋಗಿ ಪಲ್ಟನ್ನಿಗೆ ಸೇರಿಬಿಟ್ಟೆ.

ಬೊಂಬಾಯಿಯಿಂದ ಹಡಗು, ಆಮೇಲೆ ಮರಳುಗಾಡು, ಆಮೇಲೆ ಮತ್ತೆ ಹಡಗು. ಕೊನೆಗೆ ಮೆಡಿಟರೇನಿಯನ್ ಸಮುದ್ರದ ನಡುವೆ ಸೈಪ್ರಸ್ ಅನ್ನುವ ದ್ವೀಪದಲ್ಲಿ ನಮ್ಮನ್ನು ಇಳಿಸಿದರು. ದ್ವೀಪ ಅಂದರೆ ತೆಂಗಿನಮರ ಇರುತ್ತದೆ ಅಂದುಕೊಂಡಿದ್ದೆ. ಇದ್ದದ್ದು ಬೆಟ್ಟ, ಬೆಟ್ಟದ ಮೇಲೆ ಹಿಮ. ಬೆಟ್ಟಕ್ಕೆ ರಸ್ತೆ ಮಾಡುವುದು ನಮ್ಮ ಕೆಲಸ. ಡೇರೆಗಳಿಂದ ಒಂದೂವರೆ ಮೈಲಿ ಮೇಲೆ ಒಂದು ಸಣ್ಣ ಹಳ್ಳಿ. ಮೂವತ್ತು ಮನೆ ಇದ್ದಿರಬಹುದು. ಎಲ್ಲ ಕಲ್ಲಿನವು, ಒಂದರ ಛಾವಣಿ ಮೇಲೆ ಇನ್ನೊಂದರ ಅಂಗಳ. ಒಂದು ಚರ್ಚು, ಒಂದು ಕಾಫಿ ಅಂಗಡಿ, ಮನೆಗೊಂದು ಕತ್ತೆ. ಹಳ್ಳಿಯ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಕಲ್ಲುಕಟ್ಟೆ ಕಟ್ಟಿದ ತುಂಡು ತುಂಡು ಹೊಲ.

ಜನವರಿ ತಿಂಗಳು. ಕೈಬೆರಳು ಮಡಚಲಾರದಂಥ ಚಳಿ. ನಮಗೆ ಅಡಿಗೆ ಮಾಡುತ್ತಿದ್ದವನು ಬ್ಲಾಕ್‌ಪಳ್ಳಿಯವನು, ಬಾಯಿ ತುಂಬ ದಖ್ಖನಿ ಉರ್ದು, ಅದರ ಜೊತೆಗೆ ನಮ್ಮ ಕನ್ನಡ. ಸೌದೆ ಮುಗಿದಿದೆ ಅಂತ ಅವನು ಬೆಳಗ್ಗೆಯಿಂದ ಬೊಬ್ಬೆ ಹೊಡೆಯುತ್ತಿದ್ದ.

"ಅರೆ ಭಾಯ್, ಸೌದೆ ತರ್ಲಿಲ್ಲ ಅಂದ್ರೆ ಇವತ್ತು ಹಿಟ್ಟೇ ತಿನ್ಬೇಕು ನೀವು, ರೊಟ್ಟಿ ಇಲ್ಲ."

ನಮ್ಮ ಹವಲ್ದಾರರು ಹಲಸೂರಿನ ತಮಿಳರು, ಮೀಸೆ ದೊಡ್ಡದು, ಮಾತು ಕಡಿಮೆ. ಸೌದೆಗೆ ನಾಲ್ಕು ಜನರನ್ನು ಕಳಿಸಿದರು. ಒಣಮರ ಮಾತ್ರ ಕಡಿಯಬೇಕು, ಹಸಿಮರ ಮುಟ್ಟಿದವನ ಚರ್ಮ ಸುಲಿಯುತ್ತೇನೆ ಅಂದರು. ಊರಿನವರ ಗಿಡಮರ ಕಡಿಯಕೂಡದೆಂದು ಮೇಲಿನಿಂದ ಕಟ್ಟಪ್ಪಣೆ ಇತ್ತು.

ಹಳ್ಳಿಯ ಕೆಳಗಿನ ಒಂದು ಕಟ್ಟೆಹೊಲದಲ್ಲಿ ಮೊಣಕಾಲೆತ್ತರದ ಕಪ್ಪು ಮೋಟುಗಳು ಸಾಲಾಗಿ ನಿಂತಿದ್ದವು. ತೊಗಟೆ ಸುಲಿದು ನೇತಾಡುತ್ತಿತ್ತು. ತಲೆಯಿಂದ ಹೊರಟ ಕಡ್ಡಿಗಳಲ್ಲಿ ಒಂದು ಎಲೆಯೂ ಇಲ್ಲ. ಚಪ್ಪರವಿಲ್ಲ, ಕಂಬವಿಲ್ಲ, ಬುಡದ ತುಂಬ ಕಳೆ.

"ಇದೇನೋ ಇದು?" ಜೊತೆಯವನೊಬ್ಬ ಕೇಳಿದ.

"ದ್ರಾಕ್ಷಿ. ಸತ್ತುಹೋಗಿವೆ."

"ಖಾತ್ರಿನಾ?"

"ನಮ್ಮಪ್ಪ ಯಾರು ಅಂತ ಗೊತ್ತಾ ನಿಂಗೆ? ದಂಡಿನಲ್ಲಿ ಯಾವ ಬಂಗಲೇಲಿ ಬೇಕಾದ್ರೂ ಕೇಳು."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಬೆಂಗಳೂರಿನಲ್ಲಿ ದ್ರಾಕ್ಷಿ ಬಳ್ಳಿ ವರ್ಷವಿಡೀ ಹಸಿರು. ವರ್ಷಕ್ಕೆರಡು ಸಲ ನಾವೇ ಕತ್ತರಿ ಹಾಕಿ ಬೋಳಿಸುತ್ತೇವೆ, ಹದಿನೈದು ದಿನದೊಳಗೆ ಮತ್ತೆ ಚಿಗುರುತ್ತದೆ. ತಾನಾಗಿಯೇ ಎಲೆಯನ್ನೆಲ್ಲ ಉದುರಿಸಿ ನಿಂತ ಬಳ್ಳಿ ಅಂದರೆ ಬೇರು ಕೊಳೆತ ಬಳ್ಳಿ. ಹಿಮ ಬೀಳುವ ದೇಶದಲ್ಲಿ ದ್ರಾಕ್ಷಿ ನಾಲ್ಕು ತಿಂಗಳು ಮಲಗಿರುತ್ತದೆ ಅನ್ನುವುದು ನನ್ನ ಏಳು ತಲೆಮಾರಿಗೂ ಗೊತ್ತಿರಲಿಲ್ಲ. ಅದು ನಿಜವಾದ ಮಾತು. ಆದರೆ ನಾನು ಉಗುರಿನಿಂದ ಕೆರೆದು ನೋಡಲಿಲ್ಲ ಅನ್ನುವುದೂ ನಿಜವಾದ ಮಾತು. ಮೂರು ಜನ ನನ್ನ ಮುಖ ನೋಡುತ್ತಿದ್ದರು. ಜೀವನದಲ್ಲಿ ಮೊದಲ ಸಲ ನನ್ನ ಕೈಯಲ್ಲಿ ಏಣಿಯಲ್ಲ, ಗರಗಸವಿತ್ತು. ಬಗ್ಗಿ ತೊಗಟೆ ಕೆರೆಯುತ್ತಾ ಕೂರುವುದು ಆಗ ನನಗೆ ಮರ್ಯಾದೆಗೆ ಕಡಿಮೆ ಅನ್ನಿಸಿತು.

ಇನ್ನೊಂದು ನಿಜ. ಎರಡನೇ ಬುಡ ಕೊಯ್ಯುವಾಗಲೇ ಗರಗಸದ ಹಲ್ಲಿಗೆ ಹಸಿ ಪುಡಿ ಅಂಟಿಕೊಂಡಿತು. ನಾನು ಅದನ್ನು ನೋಡಿದೆ. ಹಿಮದ ನೀರು ಇಳಿದಿರಬೇಕು ಅಂತ ನನಗೆ ನಾನೇ ಹೇಳಿಕೊಂಡು ಪ್ಯಾಂಟಿಗೆ ಒರೆಸಿ ಮುಂದಿನದಕ್ಕೆ ಹೋದೆ. ಕೆಳಗೆ ಕಲ್ಲು ತಾಗುತ್ತದೆಂದು ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯುತ್ತಾ ಬಂದೆವು. ಅಷ್ಟೇ ಪುಣ್ಯ.

ಇಪ್ಪತ್ತಾರನೆಯದು ಬಿದ್ದಾಗ ಮೇಲಿನ ಕಟ್ಟೆಯಲ್ಲಿ ಒಬ್ಬ ಮುದುಕಿ ನಿಂತಿದ್ದಳು. ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ. ಕೂಗಾಡುತ್ತಾಳೆ, ಕಲ್ಲೆಸೆಯುತ್ತಾಳೆ ಅಂದುಕೊಂಡೆವು. ಅವಳು ಮೆಲ್ಲಗೆ ಇಳಿದು ಬಂದು ಬಿದ್ದಿದ್ದ ಒಂದು ತುಂಡನ್ನು ಎತ್ತಿಕೊಂಡಳು. ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಒಂದು ಸಲ ಕೆರೆದಳು. ಒಳಗೆ ಎಳೇ ಬಟಾಣಿಯಂಥ ಹಸಿರು. ಅದನ್ನು ಒಬ್ಬೊಬ್ಬರ ಮುಖದ ಮುಂದೆಯೂ ಹಿಡಿದು ತೋರಿಸಿದಳು. ಗರಗಸ ಹಿಡಿದವನು ನಾನಾದ್ದರಿಂದ ಕೊನೆಗೆ ನನ್ನ ಮುಂದೆ ಹಿಡಿದು ಹಾಗೇ ನಿಂತಳು. ಆ ಉಗುರು ದಪ್ಪಗಿತ್ತು, ಹಳದಿಗಿತ್ತು. ನಾಲ್ಕು ಸಾವಿರ ಮೈಲಿ ದೂರದಿಂದ ಅಪ್ಪನೇ ಎದ್ದು ಬಂದು ನನ್ನೆದುರು ನಿಂತ ಹಾಗಾಯಿತು. ಅವಳು ಹೊಡೆದಿದ್ದರೆ ವಾಸಿಯಿತ್ತು.

ಸಂಜೆಯೊಳಗೆ ಪಲ್ಟನ್ನಿಗೆಲ್ಲ ಗೊತ್ತಾಯಿತು. ನಮ್ಮ ಪಲ್ಟನ್ನಿನ ಬಿಳಿಯ ದೊರೆ ನನ್ನನ್ನು ನಿಲ್ಲಿಸಿ ಉಗಿದರು. ಹದಿನೈದು ದಿನ ಬೆಳಗಿನಿಂದ ಸಂಜೆಯವರೆಗೆ ಕಲ್ಲು ಹೊರುವ ಶಿಕ್ಷೆ ಹಾಕಿದರು. ಮುದುಕಿಗೆ ಪರಿಹಾರದ ಕಾಗದ ಕಳಿಸಿದರು, ಅವಳು ಅದನ್ನು ಮುಟ್ಟಲೇ ಇಲ್ಲವಂತೆ. ಗಂಡ ನೆಟ್ಟ ಬಳ್ಳಿಗಳು, ಅವಳಿಗಿದ್ದದ್ದು ಆ ಒಂದೇ ಕಟ್ಟೆಹೊಲ ಅಂತ ಕಾಫಿ ಅಂಗಡಿಯವನಿಂದ ಗೊತ್ತಾಯಿತು. ಅವನು ಒಂದು ಕಾಲದಲ್ಲಿ ಹಡಗಿನಲ್ಲಿ ಕೆಲಸ ಮಾಡಿದ್ದವನು, ಅವನ ಇಂಗ್ಲಿಷೂ ನನ್ನ ಬಂಗಲೆ ಇಂಗ್ಲಿಷೂ ಹೆಚ್ಚುಕಮ್ಮಿ ಒಂದೇ ಮಟ್ಟದ್ದು.

ಕಲ್ಲು ಹೊತ್ತರೆ ಬೆನ್ನು ನೋಯುತ್ತದೆ, ಅಷ್ಟೆ. ನನಗೆ ನಿದ್ದೆ ಕೆಡಿಸಿದ್ದು ಆ ಹಸಿರು. ಅಪ್ಪನಿಗೆ ಕಾಗದ ಬರೆಯಲು ಕುಳಿತೆ. ಅಪ್ಪನಿಗೆ ಓದಲು ಬರುವುದಿಲ್ಲ. ಹಲಸೂರಿನ ಅಂಚೆಮನೆ ಹತ್ತಿರ ಕೂತು ಊರವರ ಕಾಗದ ಓದಿ, ಜವಾಬು ಬರೆದುಕೊಡುವ ಒಬ್ಬ ಮುದುಕರಿದ್ದರು. ಅವರು ಜೋರಾಗಿ ಓದುತ್ತಾರೆ, ಸುತ್ತ ನಿಂತವರೆಲ್ಲ ಕೇಳುತ್ತಾರೆ. ನನ್ನ ಮಾನ ಹಲಸೂರು ಬೀದಿಯಲ್ಲಿ ಹರಾಜಾಗುತ್ತದೆಂದು ಗೊತ್ತಿದ್ದೂ ಎಲ್ಲ ಬರೆದೆ. ಹಸಿ ಪುಡಿಯ ವಿಷಯವನ್ನೂ ಬರೆದೆ. ಈಗೇನು ಮಾಡಲಿ ಅಂತ ಕೇಳಿದೆ.

ಯುದ್ಧದ ಕಾಲದಲ್ಲಿ ಪ್ರತಿ ಕಾಗದವನ್ನೂ ಯಾರಾದರೂ ಓದಿ ಒಪ್ಪಿಯೇ ಕಳಿಸಬೇಕು. ಕನ್ನಡ ಓದಬಲ್ಲ ಮೇಲಿನವರು ನಮ್ಮಲ್ಲಿ ಹವಲ್ದಾರರೊಬ್ಬರೇ. ಓದಿ ನನ್ನನ್ನು ಕರೆಸಿದರು.

"ಹಸಿ ಅಂತ ಗೊತ್ತಿತ್ತಾ ನಿಂಗೆ?"

"ಎರಡನೇ ಬುಡದಲ್ಲೇ ಗೊತ್ತಾಯ್ತು, ಸಾರ್."

"ಮತ್ತೆ ಇಪ್ಪತ್ನಾಲ್ಕು ಯಾಕ್ ಕೊಯ್ದೆ?"

"ಎಲ್ರೂ ನೋಡ್ತಿದ್ರು, ಸಾರ್."

ಹವಲ್ದಾರರು ಮೀಸೆ ಎಳೆದುಕೊಂಡರು. ಆಮೇಲೆ ಕಾಗದವನ್ನು ಅಂಟಿಸಿದರು.

"ಭಾನುವಾರ ನಿನ್ನನ್ನ ಮೇಲಕ್ಕೆ ಕರ್ಕೊಂಡ್ ಹೋಗ್ತೀನಿ. ಆಯಮ್ಮ ಹೇಳಿದ್ ಕೆಲಸ ಮಾಡು. ಏನೂ ಹೇಳ್ಲಿಲ್ಲ ಅಂದ್ರೂ ಮಾಡು," ಅಂದರು.

ಅವಳು ಏನೂ ಹೇಳಲಿಲ್ಲ. ನಾವು ಹೋದಾಗ ಬೆನ್ನು ತಿರುಗಿಸಿ ಮನೆಯೊಳಕ್ಕೆ ಹೋದಳು. ಅವಳ ಹೊಲದ ಒಂದು ಕಡೆ ಕಲ್ಲುಕಟ್ಟೆ ಕುಸಿದು ಬಿದ್ದಿತ್ತು. ನಮ್ಮ ಕೆರೆ ಏರಿಗೆ ಕಲ್ಲು ಕಟ್ಟಿ ಅಭ್ಯಾಸವಿದ್ದವನು ನಾನು. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸುತ್ತಾ ಹೋದೆ. ಒಂದು ಭಾನುವಾರ, ಎರಡು ಭಾನುವಾರ. ಮೂರನೇ ಭಾನುವಾರ ಕಟ್ಟೆಯ ಮೇಲೆ ಒಂದು ತಟ್ಟೆ ಬಂದು ಕೂತಿತು. ಒರಟು ರೊಟ್ಟಿ, ಉಪ್ಪಿನಲ್ಲಿ ಹಾಕಿದ ಕಪ್ಪು ಆಲಿವ್ ಕಾಯಿ. ಖಾರ ಮರೆತು ಮಾಡಿದ ಉಪ್ಪಿನಕಾಯಿ ಹಾಗಿತ್ತು. ಬೀಜ ಸಹಿತ ಚೀಪಿ ತಿಂದೆ. ತಟ್ಟೆ ಇಟ್ಟವಳು ಮುಖ ತೋರಿಸಲಿಲ್ಲ.

ಮಾರ್ಚ್ ಕೊನೆಗೆ ಬಿಸಿಲು ಬಂತು. ಬೆಟ್ಟದ ಹಿಮ ಕರಗಿ ಹಳ್ಳದಲ್ಲಿ ನೀರಿನ ಸದ್ದು. ಒಂದು ಭಾನುವಾರ ನಾನು ಹೊಲಕ್ಕೆ ಇಳಿಯುವ ಮೊದಲೇ ಮುದುಕಿ ಅಲ್ಲಿ ಮಂಡಿಯೂರಿ ಕೂತಿದ್ದಳು. ನಾನು ಕೊಯ್ದ ಮೋಟಿನ ಸುತ್ತ ಹತ್ತೋ ಹದಿನೈದೋ ಕೆಂಪು ಮೊಗ್ಗು ಒಡೆದು ನಿಂತಿದ್ದವು. ಪಕ್ಕದ್ದರಲ್ಲೂ. ಅದರ ಪಕ್ಕದ್ದರಲ್ಲೂ. ನಾನು ಸಾಲಿನುದ್ದಕ್ಕೂ ಓಡಿದೆ. ಎರಡು ಮಾತ್ರ ಕಣ್ಣು ಬಿಟ್ಟಿರಲಿಲ್ಲ. ಇಪ್ಪತ್ನಾಲ್ಕು! ನಾನು ಕೂಗಿಕೊಂಡ ರೀತಿಗೆ ಮೇಲಿನ ಮನೆಗಳಿಂದ ಜನ ಹೊರಗೆ ಬಂದರು. ಹವಲ್ದಾರರೂ ಟೊಪ್ಪಿಗೆ ತೆಗೆದು ನಕ್ಕರು. ಅವರ ಹಲ್ಲನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನ ವಾರವೇ ಅಪ್ಪನ ಜವಾಬು ಬಂತು. ಶುರು ಮಾಡಿದ್ದು ಬರೆದುಕೊಡುವ ಮುದುಕರು. ಚಿರಂಜೀವಿ, ಆಶೀರ್ವಾದ, ಇತ್ತ ಕ್ಷೇಮ, ಅತ್ತ ಕ್ಷೇಮಕ್ಕೆ ಬರೆಯುತ್ತಿರುವುದು ಅಂತ ನಾಲ್ಕು ಸಾಲು. ಆಮೇಲೆ ಅಪ್ಪ ಬಾಯಿ ಬಿಟ್ಟಿದ್ದ. ಮುದುಕರು ಪಾಪ ಒಂದಕ್ಷರವೂ ಬಿಡದೆ ಬರೆದಿದ್ದರು:

"ಲೋ ಕತ್ತೆ, ಉಗುರು ಮನೇಲಿ ಬಿಟ್ ಹೋಗಿದ್ಯಾ? ಅತ್ಕೊಂಡ್ ಕೂರ್ಬೇಡ. ನೆಲದ ಮೇಲೆ ಒಂದ್ ಗೇಣು ಉಳಿದಿದ್ರೆ ಬಳ್ಳಿ ಉಳೀತು. ಬೇರು ಹಳೇದು, ಜೋರಾಗಿ ನುಗ್ಗುತ್ತೆ. ಕುಡಿ ಹತ್ತು ಬಂದ್ರೂ ಇಪ್ಪತ್ತು ಬಂದ್ರೂ ಒಂದೇ ಒಂದು ಇಟ್ಕೊ. ಕೆಳಗಿಂದು, ದಪ್ಪಗಿರೋದು. ಉಳಿದಿದ್ದೆಲ್ಲ ಎಳೇದ್ರಲ್ಲೇ ಬೆರಳಲ್ಲಿ ಕಿತ್ತಾಕು. ಆಸೆ ಪಟ್ಟು ಎಲ್ಲಾ ಇಟ್ಕೊಂಡ್ರೆ ಪೊದೆ ಆಗುತ್ತೆ, ಹಣ್ಣಾಗಲ್ಲ. ಗೂಟ ನೆಟ್ಟು ಕಟ್ಟು. ಮೂರನೇ ವರ್ಷ ನೋಡು. ಆಯಮ್ಮನ ಕಾಲಿಗ್ ಬೀಳು."

ಕೆಳಗೆ ಅಪ್ಪನ ಹೆಬ್ಬೆಟ್ಟು. ನಡುವೆ ಉಗುರು ಸೀಳಿದ ಕಡೆ ಮಸಿ ಹರಡಿತ್ತು.

ಕಾಗದ ಜೇಬಿನಲ್ಲಿಟ್ಟುಕೊಂಡು ಭಾನುವಾರ ಹತ್ತಿದೆ. ಕುಡಿಗಳು ಆಗಲೇ ಬೆರಳುದ್ದ ಬೆಳೆದಿದ್ದವು. ನಾನು ಕೈ ಹಾಕಲು ಬಗ್ಗಿದೆ, ಅಷ್ಟೇ. ಮುದುಕಿ ಮೋಟಿಗೆ ಅಡ್ಡ ಬಂದು ಎರಡೂ ಕೈ ಚಾಚಿ ನಿಂತಳು. "ಓಹಿ! ಓಹಿ!" ಅವರ ಭಾಷೆಯಲ್ಲಿ ಬೇಡ ಅಂತ ಅರ್ಥ. ಅವಳದು ನ್ಯಾಯವೇ. ಒಂದು ಸಲ ಕೊಂದವನು ಈಗ ಬದುಕಿ ಬಂದ ಹತ್ತರಲ್ಲಿ ಒಂಬತ್ತನ್ನು ಕೀಳುತ್ತೇನೆ ಅಂದರೆ ಯಾರು ತಾನೆ ಒಪ್ಪುತ್ತಾರೆ? ಊರಿನವರೂ ಸೇರಿಕೊಂಡರು. ಕಾಫಿ ಅಂಗಡಿಯವನು ಹೇಳಿದ: ಎಲ್ಲ ಕುಡಿಯೂ ಇರಲಿ, ದೇವರು ಕೊಟ್ಟದ್ದು ಅನ್ನುತ್ತಿದ್ದಾಳೆ.

ನನ್ನ ಬಂಗಲೆ ಇಂಗ್ಲಿಷು ಅಲ್ಲಿಗೆ ಮುಗಿಯಿತು. ಏನೂ ತೋಚದೆ ಅಪ್ಪನ ಕಾಗದ ತೆಗೆದು ಓದಲು ಶುರು ಮಾಡಿದೆ, ಕನ್ನಡದಲ್ಲೇ, ಜೋರಾಗಿ, "ಲೋ ಕತ್ತೆ"ಯಿಂದ ಹಿಡಿದು ಕೊನೆಯವರೆಗೆ. ಒಬ್ಬರಿಗೂ ಒಂದಕ್ಷರ ಅರ್ಥವಾಗಲಿಲ್ಲ, ಆದರೂ ಸುಮ್ಮನಾದರು. ಬೈಗುಳ ಬೈಗುಳವೇ ಅಂತ ಯಾವ ಭಾಷೆಯವರಿಗೂ ತಿಳಿಯುತ್ತದೆ. ಇದು ಯಾರು ಬರೆದದ್ದು ಅಂತ ಮುದುಕಿ ಕೇಳಿಸಿದಳು. ನಮ್ಮಪ್ಪ, ಅವನದೂ ದ್ರಾಕ್ಷಿ ತೋಟ ಅಂದೆ. ಮಣ್ಣಿನಲ್ಲಿ ಕಡ್ಡಿಯಿಂದ ನಮ್ಮ ಚಪ್ಪರ, ಕಂಬ, ಬಾವಿ ಬರೆದು ತೋರಿಸಿದೆ. ಅವಳು ಕಾಗದವನ್ನು ಇಸಿದುಕೊಂಡಳು. ಅಕ್ಷರ ಅವಳಿಗೂ ಬರುತ್ತಿರಲಿಲ್ಲ. ಕಣ್ಣು ನೇರವಾಗಿ ಹೆಬ್ಬೆಟ್ಟಿನ ಮೇಲೆ ಹೋಯಿತು. ತನ್ನ ಹೆಬ್ಬೆರಳನ್ನು ಅದರ ಪಕ್ಕದಲ್ಲಿಟ್ಟು ನೋಡಿದಳು.

ಆಮೇಲೆ ಎದ್ದು ಹೋಗಿ, ನಾನು ಕಟ್ಟಿದ ಕಟ್ಟೆಯಿಂದ ಕುಂಬಳಕಾಯಿ ಗಾತ್ರದ ಒಂದು ಬಿಳೀ ಕಲ್ಲನ್ನು ಎತ್ತಿ ತಂದಳು. ಸಾಲಿನ ಸರಿಯಾಗಿ ನಡುವೆ ಕುಕ್ಕಿದಳು. ಕಲ್ಲಿನ ಆ ಕಡೆ ಹನ್ನೆರಡು, ಈ ಕಡೆ ಹನ್ನೆರಡು. ಈ ಕಡೆಯದನ್ನು ತೋರಿಸಿ ನನ್ನ ಎದೆ ಮುಟ್ಟಿದಳು, ಆ ಕಡೆಯದನ್ನು ತೋರಿಸಿ ತನ್ನ ಎದೆ ಮುಟ್ಟಿಕೊಂಡಳು. ಕಾಫಿ ಅಂಗಡಿಯವನು ಬಾಯಿ ತೆರೆಯುವ ಮೊದಲೇ ನನಗೆ ಅರ್ಥವಾಗಿತ್ತು. ನಾನು ಅವಳ ಕಾಲಿಗೆ ಬಿದ್ದೆ. ಅವರಲ್ಲಿ ಆ ಪದ್ಧತಿ ಇಲ್ಲ, ಹೌಹಾರಿ ಎರಡು ಹೆಜ್ಜೆ ಹಿಂದಕ್ಕೆ ಹೋದಳು.

ನನ್ನ ಹನ್ನೆರಡರಲ್ಲಿ ಒಂದೊಂದೇ ಕುಡಿ ಉಳಿಸಿದೆ. ಈ ಸಲ ಪ್ರತಿಯೊಂದನ್ನೂ ಮುಟ್ಟಿ, ನೋಡಿಯೇ ಕಿತ್ತೆ. ಗೂಟ ನೆಟ್ಟು ನಾರಿನಲ್ಲಿ ಕಟ್ಟಿದೆ. ಅವಳ ಕಡೆ ಪೊದೆಪೊದೆಯಾಗಿ ಹಬ್ಬಿ ನೋಡಲು ಚೆಂದವಾಗಿತ್ತು. ನನ್ನ ಕಡೆ ಮೋಟಿಗೆ ಒಂದೊಂದು ಕಡ್ಡಿ ನಿಂತು ಬೋಳುಬೋಳಾಗಿತ್ತು. ಊರ ಹೆಂಗಸರು ಬಂದು ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮೇ ತಿಂಗಳಲ್ಲಿ ಡೇರೆ ಕಿತ್ತು ನಮ್ಮನ್ನು ಹಡಗು ಹತ್ತಿಸಿದರು. ಹೊರಡುವ ದಿನ ಮೇಲಕ್ಕೆ ಹೋಗಲು ರಜೆ ಸಿಗಲಿಲ್ಲ. ಗೆದ್ದೆನೋ ಸೋತೆನೋ ತಿಳಿಯದೆ ಹೊರಟೆ.

ಎರಡು ಚಳಿಗಾಲ ಇನ್ನೊಂದು ದೇಶದ ಕೆಸರಿನಲ್ಲಿ ಕಳೆದೆ. ಸೇತುವೆ ಕಟ್ಟುವುದು, ಮತ್ತೆ ಕಟ್ಟುವುದು. ಪ್ರತಿ ವರ್ಷ ಮಾರ್ಚ್ ಬಂದಾಗ ಆ ಕಲ್ಲು ನೆನಪಾಗುತ್ತಿತ್ತು. ಕೊನೆಗೆ ಹತ್ತು ದಿನದ ರಜೆ ಕೊಟ್ಟು, ಬೇಕಾದವರು ದ್ವೀಪದ ರಜಾ ಶಿಬಿರಕ್ಕೆ ಹೋಗಬಹುದು ಅಂದರು. ಉಳಿದವರು ಸಮುದ್ರ, ಸಿನಿಮಾ ಅಂತ ಕುಣಿದರು. ನಾನು ಮಾರನೇ ಬೆಳಗ್ಗೆಯೇ ಬೆಟ್ಟ ಹತ್ತಿದೆ. ಸೆಪ್ಟೆಂಬರ್ ತಿಂಗಳು. ನಾವೇ ಮಾಡಿದ ರಸ್ತೆ. ಏಳು ಮೈಲಿ. ಕಾಲು ಬೇಗ ಬೇಗ ಹೋಗುತ್ತಿತ್ತು. ಪೂರ್ತಿ ಒಣಗಿಹೋಗಿದ್ದರೆ? ಅವಳೇ ಇರದಿದ್ದರೆ?

ಹಳ್ಳಿಯ ತುಂಬ ದ್ರಾಕ್ಷಿಯ ವಾಸನೆ. ಕತ್ತೆಗಳು ಎರಡೂ ಕಡೆ ಬುಟ್ಟಿ ನೇತುಹಾಕಿಕೊಂಡು ಇಳಿಯುತ್ತಿದ್ದವು. ನಾನು ಕಟ್ಟಿದ ಕಲ್ಲುಕಟ್ಟೆ ನೆಟ್ಟಗೆ ನಿಂತಿತ್ತು. ಅದನ್ನು ದಾಟಿ ಹೊಲಕ್ಕೆ ಇಳಿದೆ, ಕಲ್ಲನ್ನು ಹುಡುಕಿದೆ. ಕಲ್ಲು ಇರಲಿಲ್ಲ.

ಇದ್ದದ್ದು ಇಪ್ಪತ್ನಾಲ್ಕು ಬಳ್ಳಿ. ಒಂದೊಂದಕ್ಕೂ ನನ್ನ ಮುಂಗೈ ದಪ್ಪದ ಒಂದೊಂದೇ ಕಾಂಡ, ಒಂದೊಂದು ಗೂಟ. ಎಲ್ಲ ಇಪ್ಪತ್ನಾಲ್ಕೂ! ಯಾವುದು ನನ್ನ ಕಡೆ, ಯಾವುದು ಅವಳ ಕಡೆ ಅಂತ ಗುರುತೇ ಸಿಗದಂತೆ ಎಲೆ, ಎಲೆಯ ಕೆಳಗೆ ನೆಲ ಮುಟ್ಟುವ ಹಾಗೆ ಕಪ್ಪು ಗೊಂಚಲು. ನಾನು ಮಂಡಿಯೂರಿ ಒಂದು ಗೊಂಚಲನ್ನು ಅಂಗೈಯಲ್ಲಿ ಎತ್ತಿ ತೂಗಿ ನೋಡಿದೆ. ನನಗೆ ಅಳು ಬಂತು, ನಗುವೂ ಬಂತು. ಎರಡನ್ನೂ ತಡೆಯಲಿಲ್ಲ.

ತಲೆಯ ಮೇಲೆ ಏನೋ ಬಿತ್ತು. ಖಾಲಿ ಬುಟ್ಟಿ. ಮುದುಕಿ ಮೇಲಿನ ಕಟ್ಟೆಯಲ್ಲಿ, ಅದೇ ಕಪ್ಪು ಬಟ್ಟೆಯಲ್ಲಿ, ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ಬಂದೆಯಾ, ಚೆನ್ನಾಗಿದ್ದೀಯಾ, ಊಹೂಂ. ಕೆಲಸ ಮಾಡು ಅಂತ ಬುಟ್ಟಿ ತೋರಿಸಿದಳು. ಮಧ್ಯಾಹ್ನದವರೆಗೆ ಕೊಯ್ದೆ. ಬೆನ್ನು ಮುರಿಯಿತು. ಅಷ್ಟು ಸಂತೋಷ ನನಗೆ ಯಾವ ರಜೆಯಲ್ಲೂ ಆಗಿಲ್ಲ. ಊಟಕ್ಕೆ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ್ದನ್ನು ಕೊಟ್ಟಳು. ನಮ್ಮೂರಲ್ಲಿ ಆ ಎಲೆ ಮೇಕೆಗೆ ಹಾಕುತ್ತೇವೆ ಅಂತ ಕಾಫಿ ಅಂಗಡಿಯವನ ಕೈಯಲ್ಲಿ ಹೇಳಿಸಿದೆ. ಅವಳು ಇನ್ನೂ ನಾಲ್ಕು ಬಡಿಸಿ, ಮೇಕೆ ಚೆನ್ನಾಗಿ ತಿನ್ನಲಿ ಅಂದಳಂತೆ.

ಊಟವಾದ ಮೇಲೆ ಕಲ್ಲು ಎಲ್ಲಿ ಅಂತ ಕೇಳಿದೆ. ಅವಳು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಮೊದಲ ವರ್ಷವೇ ಅವಳ ಪೊದೆಗಳಿಗೆ ಬೂದಿರೋಗ ಬಂದು ಎಲೆ ಸುರುಟಿತ್ತಂತೆ. ಆ ಚಳಿಗಾಲದಲ್ಲಿ ಅವಳೇ ಒಂದೊಂದು ಕಡ್ಡಿ ಉಳಿಸಿ ಉಳಿದದ್ದನ್ನು ಕತ್ತರಿಸಿದಳು, ಕಲ್ಲನ್ನು ಎತ್ತಿ ಹೊಲದ ಅಂಚಿಗೆ ಇಟ್ಟಳು. ಅದನ್ನು ನೋಡಿ ಮುಂದಿನ ವರ್ಷ ಪಕ್ಕದ ಹೊಲದವನು ತನ್ನ ಗೊಡ್ಡು ಬಿದ್ದ ಹಳೇ ಬಳ್ಳಿಗಳಲ್ಲಿ ಒಂದು ಸಾಲನ್ನು ಗೇಣು ಬಿಟ್ಟು ಕೊಯ್ದ. ಕಲ್ಲು ಅವನ ಸಾಲಿನ ತುದಿಗೆ ಹೋಯಿತು. ಈಗ ಅದು ಅವನಾಚೆಯ ಹೊಲದಲ್ಲಿತ್ತು, ಅವಳ ಹೊಲದಿಂದ ಎರಡು ಹೊಲ ದೂರ. ನಾನು ಹೋದೆನೋ ಇಲ್ಲವೋ, ಮೂರು ಜನ ಮುದುಕಿಯರು ಸುತ್ತುವರಿದು ತಮ್ಮ ತಮ್ಮ ಹೊಲದ ಕಡೆ ಕೈ ತೋರಿಸಿದರು. ಗರಗಸ ತಂದಿದ್ದೀಯಾ ಅಂತ ಕೇಳುತ್ತಿದ್ದಾರೆ ಅಂದ ಕಾಫಿ ಅಂಗಡಿಯವನು. ಎಲೆ ಉದುರಲಿ, ಚಳಿಗಾಲದಲ್ಲಿ ನಮ್ಮ ಈ ಅಜ್ಜಿಯೇ ಕೊಯ್ದುಕೊಡುತ್ತಾಳೆ ಅಂದೆ. ಅವಳು ಎದೆಯುಬ್ಬಿಸಿ ತನ್ನ ಹೆಬ್ಬೆರಳನ್ನು ಎತ್ತಿ ಎಲ್ಲರಿಗೂ ತೋರಿಸಿದಳು.

ಇದನ್ನು ಅಪ್ಪನಿಗೆ ಕಾಗದದಲ್ಲಿ ಬರೆಯಲಿಲ್ಲ. ಮುಖ ನೋಡಿಕೊಂಡೇ ಹೇಳಬೇಕು ಅಂತ ಇಟ್ಟುಕೊಂಡೆ. ಯುದ್ಧ ಮುಗಿದು, ದಂಡಿನ ಸ್ಟೇಷನ್ನಿನಲ್ಲಿ ಇಳಿದು, ಟ್ರಂಕು ಹೊತ್ತು ಹಲಸೂರು ದಾಟಿ ಕಗ್ಗದಾಸಪುರದವರೆಗೂ ನಡೆದೆ. ಅಪ್ಪ ಚಪ್ಪರದ ಕೆಳಗಿದ್ದ. ಕೂದಲು ಪೂರ್ತಿ ಬಿಳಿಯಾಗಿತ್ತು. ನನ್ನನ್ನು ಕಂಡು ಮೊದಲು ಕೇಳಿದ್ದು:

"ಎಷ್ಟು ಉಳೀತು?"

"ಇಪ್ಪತ್ನಾಲ್ಕು."

"ಇನ್ನೆರಡು?"

"ಹೋದ್ವು."

"ಹೂಂ," ಅಂದ. ಆಮೇಲೆ ಬಾವಿ ಕಟ್ಟೆ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿಸಿಕೊಂಡ. ಅವನ ಹೆಬ್ಬೆಟ್ಟಿನ ಪಕ್ಕ ಅವಳು ಹೆಬ್ಬೆರಳಿಟ್ಟದ್ದನ್ನು ಎರಡು ಸಲ ಹೇಳಿಸಿದ. ಕಲ್ಲು ಮೂರನೇ ಹೊಲಕ್ಕೆ ಹೋದದ್ದನ್ನು ಹೇಳುವಾಗ ತೋಟದ ಆಳುಗಳನ್ನೂ ಕೂಗಿ ಕರೆದ. ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಗಿತ್ತು, "ಸಮುದ್ರದಾಚೆಯ ಬೆಟ್ಟದಲ್ಲಿ ನನ್ನ ಮಾತು ಕೇಳಿ ದ್ರಾಕ್ಷಿ ಬಿಡ್ತಾ ಇದೆ" ಅಂತ. ಅಪ್ಪ "ನನ್ನ ಮಾತು" ಅಂತಲೇ ಹೇಳಿಕೊಂಡು ತಿರುಗಿದ, ಮಗನ ಹೆಸರು ಬರಲಿಲ್ಲ. ಬರದಿದ್ದರೂ ನನಗೆ ಬೇಜಾರಾಗಲಿಲ್ಲ.

ಮಾರನೇ ಬೆಳಗ್ಗೆ ನನ್ನನ್ನು ಎಬ್ಬಿಸಿದ. ಕೈಯಲ್ಲಿ ಅವನ ಗರಗಸ. ಬಾವಿ ಪಕ್ಕದ ತಾತನ ಬಳ್ಳಿಯ ಹತ್ತಿರ ಕರೆದುಕೊಂಡು ಹೋದ. ಎರಡು ವರ್ಷದಿಂದ ಅದು ಬರೀ ಎಲೆ ಬಿಟ್ಟು ಹಣ್ಣು ಬಿಟ್ಟಿರಲಿಲ್ಲವಂತೆ. ಗರಗಸವನ್ನು ನನ್ನ ಕಡೆ ಚಾಚಿದ. ನಾನು ಹಿಡಿಯಲಿಲ್ಲ. ಮೊದಲು ಬಗ್ಗಿ ಹೆಬ್ಬೆರಳಿನ ಉಗುರಿನಿಂದ ತೊಗಟೆ ಕೆರೆದೆ. ಹಸಿರಿತ್ತು.

"ಕಾಣ್ತಾ?" ಅಂದ ಅಪ್ಪ.

"ಕಾಣ್ತು."

"ಹಾಗಾದ್ರೆ ಕುಯ್ಯಿ. ಗೇಣು ಬಿಟ್ಟು."

ಕೊಯ್ದೆ. ಗರಗಸಕ್ಕೆ ಹಸಿ ಪುಡಿ ಅಂಟಿತು, ಈ ಸಲ ಅದನ್ನು ಒರೆಸಲಿಲ್ಲ. ತಾತನ ಬಳ್ಳಿ ಚಪ್ಪರದಿಂದ ಸರಸರನೆ ಜಾರಿ ನೆಲಕ್ಕೆ ಬಿತ್ತು. ಅಪ್ಪ ಒಂದು ಸಲ ಕಣ್ಣು ಮುಚ್ಚಿ ತೆರೆದ. ಆಮೇಲೆ ಬಾವಿ ಕಟ್ಟೆಯಿಂದ ಸಡಿಲವಾಗಿದ್ದ ಒಂದು ಕಲ್ಲನ್ನು ಎಬ್ಬಿಸಿ, ಏದುಸಿರು ಬಿಡುತ್ತಾ ಹೊತ್ತು ತಂದು, ನಾನು ಕೊಯ್ದ ಮೋಟಿಗೂ ಅದರ ಪಕ್ಕದ ಹಳೇ ಬಳ್ಳಿಗೂ ನಡುವೆ ಕುಕ್ಕಿದ.

"ಈ ಕಡೆ ನಿಂದು, ಆ ಕಡೆ ನಂದು," ಅಂದ. "ನೋಡೇ ಬಿಡೋಣ."

ಎರಡನೇ ಸುಗ್ಗಿ ಮುಗಿಯುವಷ್ಟರಲ್ಲಿ ಅಪ್ಪನೇ ಆ ಕಲ್ಲನ್ನು ಎತ್ತಿ ಚಪ್ಪರದ ಆಚೆ ತುದಿಗೆ ಇಟ್ಟ. ಅವತ್ತಿನಿಂದ ಬಂಗಲೆಗಳಿಗೆ ಹೋಗುವಾಗ ಗರಗಸ ನನ್ನ ಕೈಯಲ್ಲಿರುತ್ತಿತ್ತು, ಏಣಿ ಅವನು ಹಿಡಿ‌ಯುತ್ತಿದ್ದ.